ನೆಲದೊಳಗಿನ ಮೇಘಾಲಯ: ಗುಹೆಗಳೂ ಹಳೆಯ ಗಣಿಸುರಂಗಗಳೂ



ಮೇಘಾಲಯವೆಂದೊಡನೆ ನಮ್ಮೆಲ್ಲರಿಗೂ ನೆನಪಾಗುವುದು ಮಳೆ. ಆಗುಂಬೆಯನ್ನು ದಕ್ಷಿಣದ ಚಿರಾಪುಂಜಿಯೆಂದು ಕರೆದು ಸಂತೋಷಪಡುವ ನಾವು, ಚಿರಾಪುಂಜಿಯಲ್ಲಿಯೇ ಸುರಿದ ಮಳೆ ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿದ್ದು ಕಡಿಮೆ. ಅದರ ಬಹುಪಾಲು ಹಳ್ಳಕೊಳ್ಳಗಳಲ್ಲಿ ಹರಿದು ತಗ್ಗಿನ ಬಯಲನ್ನು ಸೇರುತ್ತದೆ, ನಿಜ. ಆದರೆ ಒಂದು ಪಾಲು ಬಂಡೆಯ ಬಿರುಕುಗಳಲ್ಲಿ ಇಳಿದು, ನೆಲದೊಳಗೇ ನದಿಯಾಗಿ ಹರಿಯುತ್ತದೆ. ಆ ಭೂಗತ ನದಿಗಳು ಲಕ್ಷಾಂತರ ವರ್ಷಗಳಲ್ಲಿ ಕೊರೆದ ದಾರಿಗಳೇ ಅಲ್ಲಿಯ ಗುಹೆಗಳು. ಖಾಸಿ ಭಾಷೆಯಲ್ಲಿ ಗುಹೆಗೆ ‘ಕ್ರೆಮ್’ ಎನ್ನುತ್ತಾರೆ.

ಮೇಘಾಲಯದ ದಕ್ಷಿಣದ ಅಂಚಿನುದ್ದಕ್ಕೂ ಸುಣ್ಣಕಲ್ಲಿನ ಪಟ್ಟಿಯೊಂದು ಹಬ್ಬಿದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣಕಲ್ಲು ಅದರಲ್ಲಿ ಮೆಲ್ಲನೆ ಕರಗುತ್ತದೆ. ಉತ್ತರ ಕನ್ನಡದ ಯಾಣದ ಬಂಡೆಗಳನ್ನು ಕಂಡವರಿಗೆ ಸುಣ್ಣಕಲ್ಲಿನ ಮೇಲೆ ಮಳೆ ಮಾಡುವ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಅದು ಬಯಲಿನಲ್ಲಿ ನಡೆದಿದೆ, ಇಲ್ಲಿ ಕತ್ತಲೆಯಲ್ಲಿ.

ಈ ಗುಹೆಗಳ ವ್ಯವಸ್ಥಿತ ಅಧ್ಯಯನ ಹೊಸದಲ್ಲ. 1922ರಲ್ಲಿಯೇ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಕೆಂಪ್ ಮತ್ತು ಚೋಪ್ರಾ ಎಂಬ ವಿಜ್ಞಾನಿಗಳು ಗಾರೋ ಬೆಟ್ಟದ ಸಿಜು ಗುಹೆಯನ್ನು ಹೊಕ್ಕು, ಅಲ್ಲಿಯ ಬಾವಲಿ, ಕೀಟ, ಜಲಚರಗಳನ್ನು ಪಟ್ಟಿಮಾಡಿದರು. ಅನಂತರ ದೀರ್ಘಕಾಲ ಹೆಚ್ಚೇನೂ ನಡೆಯಲಿಲ್ಲ. 1992ರಿಂದ ಷಿಲ್ಲಾಂಗಿನ ಮೇಘಾಲಯ ಸಾಹಸಿಗರ ಸಂಘದವರು ವಿದೇಶೀ ಗುಹಾನ್ವೇಷಕರೊಡನೆ ಸೇರಿ, ಮಳೆಯಿಲ್ಲದ ತಿಂಗಳುಗಳಲ್ಲಿ ಅಳತೆಯ ಕಾರ್ಯ ಕೈಗೊಂಡರು. ಇದುವರೆಗೆ ಅಳೆದ ದಾರಿಗಳ ಒಟ್ಟು ಉದ್ದ ನಾನೂರು ಕಿಲೋಮೀಟರುಗಳನ್ನು ಮೀರಿದೆ. ಜೈಂತಿಯಾ ಬೆಟ್ಟದ ಕ್ರೆಮ್ ಲಿಯಾತ್ ಪ್ರಾ ಒಂದೇ ಸುಮಾರು 31 ಕಿಲೋಮೀಟರು. ಮಾವ್‌ಸಿನ್‌ರಾಮ್ ಬಳಿಯ ಕ್ರೆಮ್ ಪುರಿ ಸುಣ್ಣಕಲ್ಲಿನದಲ್ಲ, ಮರಳುಗಲ್ಲಿನದು. 2018ರಲ್ಲಿ ಅಳೆದಾಗ ಅದು 24 ಕಿಲೋಮೀಟರುಗಳಿಗೂ ಮಿಗಿಲಾಗಿದ್ದು, ಮರಳುಗಲ್ಲಿನ ಗುಹೆಗಳಲ್ಲಿ ಜಗತ್ತಿನಲ್ಲಿಯೇ ಉದ್ದವಾದುದೆಂದು ತಿಳಿದುಬಂತು.

ಅಳತೆಯೆಂದರೆ ಏನೆಂಬುದನ್ನು ಸ್ವಲ್ಪ ಹೇಳಬೇಕು. ಒಬ್ಬರು ಅಳತೆಪಟ್ಟಿಯ ಒಂದು ತುದಿಯನ್ನು ಹಿಡಿದು ಮುಂದೆ ಸಾಗುತ್ತಾರೆ. ಇನ್ನೊಬ್ಬರು ದಿಕ್ಸೂಚಿಯಿಂದ ದಿಕ್ಕನ್ನೂ ಬೇರೊಂದು ಉಪಕರಣದಿಂದ ಏರಿಳಿತವನ್ನೂ ಓದಿ ಹೇಳುತ್ತಾರೆ. ಮೂರನೆಯವರು ನೆನೆಯದ ಕಾಗದದ ಮೇಲೆ ಅದನ್ನೆಲ್ಲ ಬರೆದು, ಗೋಡೆಗಳ ಆಕಾರವನ್ನು ಚಿತ್ರಿಸಿಕೊಳ್ಳುತ್ತಾರೆ. ಈಗ ಪಟ್ಟಿಯ ಬದಲು ಲೇಸರ್ ಕಿರಣ ಬಂದಿದೆ. ಕ್ರಮ ಮಾತ್ರ ಅದೇ. ಸೊಂಟದವರೆಗಿನ ತಣ್ಣೀರಿನಲ್ಲಿ ನಿಂತು, ಕೆಸರಿನಲ್ಲಿ ತೆವಳಿ, ಒಂದೊಂದು ತಿರುವನ್ನೂ ದಾಖಲಿಸುವ ಈ ಕೆಲಸದಲ್ಲಿ ಸಾಹಸದ ಅಂಶಕ್ಕಿಂತ ತಾಳ್ಮೆಯ ಅಂಶವೇ ಹೆಚ್ಚು. ನಕ್ಷೆಯಿಲ್ಲದೆ ಹೊರಬಂದವನು ಗುಹೆಯನ್ನು ಕಂಡವನೇ ಹೊರತು ಅರಿತವನಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಥ ತಾಳ್ಮೆಯಿಂದ ದೊರೆತ ಫಲವನ್ನು ನೋಡಿ. ಚಿರಾಪುಂಜಿಯ ಬಳಿಯ ಮಾವ್‌ಮ್ಲು ಗುಹೆಯಲ್ಲಿ ತೊಟ್ಟಿಕ್ಕಿದ ನೀರಿನಿಂದ ಬೆಳೆದ ಸುಣ್ಣದ ಕಂಬವೊಂದರ ಪದರಗಳನ್ನು ಪರಿಶೀಲಿಸಿದಾಗ, ಸುಮಾರು 4,200 ವರ್ಷಗಳ ಹಿಂದೆ ಮಳೆ ಕ್ಷೀಣಿಸಿದ ಗುರುತು ಸಿಕ್ಕಿತು. ಅದನ್ನೇ ಆಧಾರವಾಗಿಟ್ಟುಕೊಂಡು 2018ರಲ್ಲಿ ಅಂತರರಾಷ್ಟ್ರೀಯ ಭೂವಿಜ್ಞಾನ ಸಂಘಟನೆಯು ಅಂದಿನಿಂದ ಇಂದಿನವರೆಗಿನ ಭೂಕಾಲಕ್ಕೆ ‘ಮೇಘಾಲಯನ್’ ಎಂದು ಹೆಸರಿಟ್ಟಿತು. ಲಂಡನ್ನಿನಲ್ಲಿರುವವರೂ ಲಾಹೋರಿನಲ್ಲಿರುವವರೂ ಇಂದು ಬದುಕುತ್ತಿರುವುದು ಆ ಹೆಸರಿನ ಕಾಲದಲ್ಲಿ. ಜೈಂತಿಯಾ ಬೆಟ್ಟದ ಉಮ್ ಲಾದಾವ್ ಗುಹೆಯಲ್ಲಿ 40 ಸೆಂಟಿಮೀಟರಿಗೂ ಉದ್ದನೆಯ ಮೀನು ಕಂಡುಬಂತು. ಗುಹಾವಾಸಿ ಮೀನುಗಳಲ್ಲಿ ಇದಕ್ಕಿಂತ ದೊಡ್ಡದು ತಿಳಿದಿಲ್ಲ. 2023ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿ, ಅಲ್ಲಿಯ ಪ್ನಾರ್ ಜನರ ಹೆಸರನ್ನೇ ಇಟ್ಟರು.

ಇನ್ನು ಗಣಿಗಳ ವಿಚಾರ. ಅದೇ ಜೈಂತಿಯಾ ಬೆಟ್ಟಗಳಲ್ಲಿ ಸುಣ್ಣಕಲ್ಲಿನ ನೆರೆಯ ಪದರಗಳಲ್ಲಿಯೇ ಕಲ್ಲಿದ್ದಲೂ ಇದೆ. ಇದ್ದಲಿನ ಪದರ ತೀರ ತೆಳುವಾದುದರಿಂದ ಒಬ್ಬನು ಕುಕ್ಕರುಗಾಲಿನಲ್ಲಿಯೋ ತೆವಳಿಯೋ ಸಾಗುವಷ್ಟೇ ಸುರಂಗವನ್ನು ಕೊರೆಯುತ್ತಾರೆ. ಇದಕ್ಕೆ ‘ಇಲಿಬಿಲದ ಗಣಿ’ ಎಂಬ ಹೆಸರು ರೂಢಿಯಾಗಿದೆ. ಅನುವಾದಕನಾಗಿ ನಾನು ಈ ಹೆಸರನ್ನು ಎಂದೂ ಮೆಚ್ಚಿಕೊಂಡಿಲ್ಲ. ಅಲ್ಲಿ ದುಡಿಯುವವರು ಮನುಷ್ಯರು. 2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಸಿಲುಕಿದ್ದ 41 ಕಾರ್ಮಿಕರನ್ನು ತಲಪಲು ಯಂತ್ರ ಕೈಕೊಟ್ಟಾಗ, ಕಡೆಯ ಕೆಲವು ಮೀಟರುಗಳನ್ನು ಕೈಯಿಂದಲೇ ಅಗೆದವರೂ ಇದೇ ವಿದ್ಯೆ ಬಲ್ಲವರು.

2014ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಮೇಘಾಲಯದಲ್ಲಿ ಈ ಬಗೆಯ ಗಣಿಗಾರಿಕೆಯನ್ನು ನಿಷೇಧಿಸಿತು. ಆದರೂ 2018ರ ಡಿಸೆಂಬರ್ 13ರಂದು ಕ್ಸಾನ್ ಎಂಬ ಹಳ್ಳಿಯ ಗಣಿಗೆ ನೀರು ನುಗ್ಗಿ 15 ಮಂದಿ ಒಳಗೇ ಸಿಲುಕಿದರು. ಬಾವಿಯ ಆಳ ಸುಮಾರು 370 ಅಡಿ. ನೌಕಾದಳದ ಮುಳುಗುಗಾರರು ಬಂದರು, ದೊಡ್ಡ ಪಂಪುಗಳು ಬಂದವು. ಎಷ್ಟು ಎತ್ತಿದರೂ ನೀರು ಇಳಿಯಲಿಲ್ಲ. ಗಣಿಗೆ ನಕ್ಷೆಯೇ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಸರ್ಕಾರ ಹೇಳಬೇಕಾಯಿತು. ಯಾವ ಸುರಂಗ ಯಾವ ಹಳೆಯ ಗಣಿಗೆ ಕೂಡುತ್ತದೆಂಬುದನ್ನು ಯಾವ ಕಾಗದವೂ ಹೇಳುತ್ತಿರಲಿಲ್ಲ. ಹೊರಬಂದದ್ದು ಎರಡು ಶವಗಳು ಮಾತ್ರ. ಅದೇ ಬೆಟ್ಟದ ಗುಹೆಗಳನ್ನು ಹವ್ಯಾಸಿಗಳು ಬಿಡುವಿನಲ್ಲಿ ಅಡಿಯಡಿಯಾಗಿ ಅಳೆದಿದ್ದರು. ಹೊಟ್ಟೆಪಾಡಿಗಾಗಿ ಜನ ಪ್ರತಿದಿನ ಇಳಿಯುತ್ತಿದ್ದ ಸುರಂಗವನ್ನು ಅಳೆದವರು ಒಬ್ಬರೂ ಇರಲಿಲ್ಲ. ಗಣಿ ಕಾನೂನುಗಳು ಮೇಘಾಲಯದ ಖಾಸಗಿ ಹಾಗೂ ಸಮುದಾಯದ ಜಮೀನುಗಳಿಗೂ ಅನ್ವಯಿಸುತ್ತವೆಂದು 2019ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಗಣಿಯ ನಕ್ಷೆ ಇರಿಸುವುದು ಆ ಕಾನೂನುಗಳ ಮೊದಲ ಬೇಡಿಕೆಗಳಲ್ಲೊಂದು.

ಗುಹೆಯ ನೀರೂ ಗಣಿಯ ನೀರೂ ಬೇರೆಬೇರೆಯೆಂದು ತಿಳಿಯುವುದು ತಪ್ಪು. ಅಲ್ಲಿಯ ಕಲ್ಲಿದ್ದಲಿನಲ್ಲಿ ಗಂಧಕದ ಅಂಶ ಹೆಚ್ಚು. ತೊರೆದುಹೋದ ಗಣಿಯಲ್ಲಿ ಗಾಳಿ, ನೀರು ತಗುಲಿದಾಗ ಅದು ತೀವ್ರವಾದ ಆಮ್ಲವಾಗಿ ಹೊಳೆಗಳಿಗೆ ಹರಿಯುತ್ತದೆ. ಜೈಂತಿಯಾ ಬೆಟ್ಟಗಳಿಂದ ಹರಿದುಬರುವ ಕೋಪಿಲಿ ನದಿಯ ಜಲವಿದ್ಯುತ್ ಕೇಂದ್ರದ ಲೋಹದ ಭಾಗಗಳು ಈ ಆಮ್ಲಜಲದಿಂದ ಸವೆದುಹೋದವು. ಲೂಖಾ ನದಿಯ ನೀರು ಚಳಿಗಾಲದಲ್ಲಿ ಕಡುನೀಲಿಯಾಗಿ ಮೀನುಗಳು ಸತ್ತವು. ಉಕ್ಕನ್ನು ಸವೆಸುವ ನೀರು, ಸೌಮ್ಯವಾದ ಮಳೆನೀರಿಗೇ ಕರಗುವ ಸುಣ್ಣಕಲ್ಲನ್ನು ಹೊಕ್ಕರೆ ಗತಿಯೇನೆಂಬುದನ್ನು ತಾವೇ ಊಹಿಸಬಹುದು. ಸಿಮೆಂಟಿಗಾಗಿ ಸುಣ್ಣಕಲ್ಲನ್ನೇ ಅಗೆಯುವ ಕೆಲಸ ಬೇರೆ ನಡೆದಿದೆ. ಬೆಟ್ಟದ ಒಳಗೇನಿದೆಯೆಂಬುದನ್ನು ನಕ್ಷೆಯಲ್ಲಿ ತೋರಿಸಿದ ಕಡೆ, ಅಗೆಯುವ ಮೊದಲು ಯೋಚಿಸಿರೆಂದು ಹೇಳಲು ಒಂದು ಆಧಾರವಾದರೂ ದೊರೆಯುತ್ತದೆ.

ತಮ್ಮಲ್ಲಿ ಕೆಲವರು ಮಕ್ಕಳೊಡನೆ ಆ ಕಡೆ ಪ್ರವಾಸ ಹೊರಡುವವರಿರಬಹುದು. ಅವರಿಗಾಗಿ ಎರಡು ಮಾತು. ಚಿರಾಪುಂಜಿಯ ಮಾವ್‌ಸ್ಮಾಯ್ ಗುಹೆಯಲ್ಲಿ ವಿದ್ಯುದ್ದೀಪಗಳಿವೆ, ಯಾರೂ ನೋಡಬಹುದು. ಒಂದೆರಡು ಕಡೆ ಬಾಗಿ ನಡೆಯಬೇಕಷ್ಟೆ. ಮಾವ್‌ಸಿನ್‌ರಾಮಿನ ಮಾವ್‌ಜಿಂಬುಯಿನ್ ಗುಹೆಯಲ್ಲಿ ತೊಟ್ಟಿಕ್ಕುವ ನೀರಿನಿಂದ ಬೆಳೆದ ಕಂಬವನ್ನು ಶಿವಲಿಂಗವೆಂದು ಪೂಜಿಸುತ್ತಾರೆ. ಉಳಿದ ಗುಹೆಗಳಿಗೆ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಹೋಗಲೇಬಾರದು. ಜಮೀನು ಸಾಮಾನ್ಯವಾಗಿ ಕುಲಕ್ಕೋ ಹಳ್ಳಿಗೋ ಸೇರಿದ್ದು. ಹಳ್ಳಿಯ ಮುಖ್ಯಸ್ಥನ ಅನುಮತಿ ಕೇಳುವುದು ಮರ್ಯಾದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ತಕ್ಕ ಕಾಲ. ಮಳೆಗಾಲದಲ್ಲಿ ಗುಹೆಯೆಂದರೆ ತುಂಬಿದ ಹೊಳೆಯೇ. ಪ್ರತಿಯೊಬ್ಬರ ಬಳಿಯೂ ಮೂರು ದೀಪಗಳಿರಬೇಕು, ಎಷ್ಟು ಹೊತ್ತಿಗೆ ಮರಳುತ್ತೇವೆಂದು ಹೊರಗಿನವರೊಬ್ಬರಿಗೆ ತಿಳಿಸಿರಬೇಕು. ಸುಣ್ಣದ ಕಂಬಗಳನ್ನು ಮುಟ್ಟಬಾರದು. ಬೆರಳಿನ ಜಿಡ್ಡು ತಗುಲಿದರೆ ಅವುಗಳ ಬೆಳವಣಿಗೆ ಕುಂಠಿತವಾಗುತ್ತದೆ.

ಹಳೆಯ ಕಲ್ಲಿದ್ದಲ ಗಣಿಗಳಿಗಂತೂ ಮಾರ್ಗದರ್ಶಿ ಇದ್ದರೂ ಇಳಿಯಬೇಡಿ. ಜೈಂತಿಯಾ ಬೆಟ್ಟದ ಹುಲ್ಲುಗಾವಲುಗಳಲ್ಲಿ ಕಟ್ಟೆಯಿಲ್ಲದ ಚೌಕನೆಯ ಬಾವಿಗಳು ಬಾಯ್ದೆರೆದುಕೊಂಡಿವೆ. ಮಳೆ ಕಳೆದ ಮೇಲೆ ಹುಲ್ಲು ಬೆಳೆದು ಅಂಚು ಕಾಣುವುದಿಲ್ಲ. ಮಕ್ಕಳ ಕೈ ಹಿಡಿದುಕೊಂಡೇ, ರೂಢಿಯ ಕಾಲುದಾರಿಯನ್ನು ಬಿಡದೆ ನಡೆಯಿರಿ.