ಕಣ್ಣಿಗೂ ಆಡಿಟ್ ಬೇಕು

(ಸಂಘದ ಬೆಳ್ಳಿಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ನಿವೃತ್ತ ನೇತ್ರ ಸಹಾಯಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಹಾಲಿನ ಸಂಘವನ್ನು ನಡೆಸಿಕೊಂಡು ಬರುವುದು ಸಾಮಾನ್ಯ ಮಾತಲ್ಲ. ಈ ಶುಭ ಸಂದರ್ಭದಲ್ಲಿ ಕಣ್ಣಿನ ವಿಷಯವಾಗಿ ನಾಲ್ಕು ಮಾತಾಡಲು ಕರೆದಿದ್ದೀರಿ, ಕೃತಜ್ಞತೆಗಳು. ನಾನು ಡಾಕ್ಟರಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಬೆಳಿಗ್ಗೆ, ಸಂಜೆ ಹಾಲು ಹಾಕುವಾಗ ಡಿಗ್ರಿ ನೋಡುತ್ತೀರಿ, ಫ್ಯಾಟ್ ನೋಡುತ್ತೀರಿ. ವರ್ಷಕ್ಕೊಮ್ಮೆ ಆಡಿಟ್ ಮಾಡಿಸುತ್ತೀರಿ. ಯಾರೋ ಕಳ್ಳರೆಂದು ಆಡಿಟ್ ಮಾಡಿಸುವುದಲ್ಲ; ಸಣ್ಣ ತಪ್ಪು ದೊಡ್ಡದಾಗುವ ಮೊದಲೇ ಸಿಗಲಿ ಎಂದು. ಆದರೆ ಎರಡು ವರ್ಷದೊಳಗೆ ಕಣ್ಣು ತೋರಿಸಿದವರು ಕೈ ಎತ್ತಿ ಎಂದರೆ ಇಲ್ಲಿ ಎಷ್ಟು ಕೈ ಏಳುತ್ತವೆ? "ನೋವಿಲ್ಲ, ಕೆಂಪಿಲ್ಲ, ಯಾಕ್ ಹೋಗ್ಬೇಕು ಸಾರ್?" ಅಂತೀರಿ.

ಹಿರಿಯರಿಗೆ ಡಾ. ಎಂ. ಸಿ. ಮೋದಿಯವರ ನೆನಪಿದ್ದೀತು. ಊರೂರಲ್ಲಿ ಶಿಬಿರ ನಡೆಸಿ ಲೆಕ್ಕವಿಲ್ಲದಷ್ಟು ಜನರ ಪೊರೆ ತೆಗೆದ ಪುಣ್ಯಾತ್ಮರು. 1976ರಲ್ಲಿ ಕೇಂದ್ರ ಸರ್ಕಾರವೂ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಿಂದ ನಮ್ಮ ಜನಕ್ಕೆ ಒಂದು ಧೈರ್ಯ ಬಂತು: ಕಣ್ಣು ಮಂಜಾದರೆ ಆಪರೇಷನ್ ಇದೆ ಎಂದು. ಪೊರೆಯ ಮಟ್ಟಿಗೆ ಅದು ನಿಜ. ಎಲ್ಲದಕ್ಕೂ ನಿಜವಲ್ಲ.

ಗ್ಲಾಕೋಮಾ ಎಂಬ ರೋಗವಿದೆ. ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ, ಮೆದುಳಿಗೆ ಹೋಗುವ ನರ ಮೆಲ್ಲಗೆ ಸಾಯುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಎದುರಿಗಿನದು ಚೆನ್ನಾಗಿಯೇ ಕಾಣುತ್ತಿರುತ್ತದೆ. ಆದ್ದರಿಂದ ಗೊತ್ತೇ ಆಗುವುದಿಲ್ಲ. ಹೋದ ನೋಟವನ್ನು ಯಾವ ಆಪರೇಷನ್ನೂ ವಾಪಸು ತರಲಾರದು. ಉಳಿದದ್ದನ್ನು ಕಾಪಾಡಬಹುದು, ಅಷ್ಟೆ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನನ್ನ ತಂದೆಯವರು ಕೊಟ್ಟಿಗೆ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು, ಪಕ್ಕದಲ್ಲಿಟ್ಟ ಹಾಲಿನ ಕ್ಯಾನು ಎಡವುತ್ತಿದ್ದರು. "ವಯಸ್ಸಾಯ್ತು, ಪೊರೆ ಇರಬೇಕು, ಬಲಿತ ಮೇಲೆ ತೆಗೆಸೋಣ" ಎಂದವನು ನಾನೇ. ಊರವರ ಕಣ್ಣನ್ನೆಲ್ಲ ನೋಡಿದವನು ಮನೆಯ ಕಣ್ಣು ನೋಡಲಿಲ್ಲ. ಕೊನೆಗೆ ಕರೆದುಕೊಂಡು ಹೋದಾಗ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಅರ್ಧ ಉಳಿದಿತ್ತು. "ನೋವೇ ಇರಲಿಲ್ವಲ್ಲೋ ಮಗಾ" ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈ ರೋಗ ವಂಶದಲ್ಲಿ ಬರಬಹುದು. ಡಾಕ್ಟರು ಹೇಳಿದಂತೆ ನಾನೂ ಪರೀಕ್ಷೆ ಮಾಡಿಸಿದೆ. ನನಗೂ ಶುರುವಾಗಿತ್ತು. ಅಂದಿನಿಂದ ದಿನಾ ರಾತ್ರಿ ಒಂದು ಹನಿ ಔಷಧಿ, ಹೇಳಿದ ಸಮಯಕ್ಕೆ ತಪಾಸಣೆ. ಈ ಭಾಷಣದ ಚೀಟಿಯನ್ನು ನಾನೇ ಬರೆದು, ನಾನೇ ಓದುತ್ತಿದ್ದೇನೆ.

ಹಾಗಾದರೆ ಯಾರು, ಯಾವಾಗ ತೋರಿಸಬೇಕು? ನಲವತ್ತು ದಾಟಿದವರು ಎರಡು ವರ್ಷಕ್ಕೊಮ್ಮೆಯಾದರೂ. ಮನೆಯಲ್ಲಿ ಗ್ಲಾಕೋಮಾ ಇದ್ದವರ ಒಡಹುಟ್ಟಿದವರು, ಮಕ್ಕಳು ವರ್ಷಕ್ಕೊಮ್ಮೆ. ಸಕ್ಕರೆ ಕಾಯಿಲೆಯವರು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರದೆ ತೋರಿಸಲೇಬೇಕು. ಹನಿ ಹಾಕಿ ಪಾಪೆ ಅಗಲ ಮಾಡಿ ನೋಡುತ್ತಾರೆ. ಕೆಲವು ಗಂಟೆ ಮಂಜಾಗಿರುತ್ತದೆ. ಬೈಕ್ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮಕ್ಕಳನ್ನು ಶಾಲೆಗೆ ಸೇರಿಸುವಾಗಲೇ ತೋರಿಸಿ. ಒಂದು ಕಣ್ಣು ಮಂದವಿದ್ದರೆ ಎಳೆತನದಲ್ಲಿ ಸರಿಪಡಿಸುವುದು ಸುಲಭ.

ಕನ್ನಡಕ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಪೂರ್ತಿ ಪರೀಕ್ಷೆ ಆದಂತಲ್ಲ. ಒತ್ತಡ ಮತ್ತು ನರ ನೋಡಿಸಬೇಕು. ಮೆಡಿಕಲ್ ಶಾಪಿನಿಂದ ತಾವೇ ಡ್ರಾಪ್ಸ್ ತಂದು ಹಾಕಿಕೊಳ್ಳಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಬಹಳ ದಿನ ಹಾಕಿದರೆ ಅದೇ ಒತ್ತಡ ಏರಿಸುತ್ತದೆ. ಪೊರೆಯೂ ಬಲಿಯಲಿ ಎಂದು ಕಾಯಬೇಕಾಗಿಲ್ಲ.

ಕಡೆಯದಾಗಿ ಆಡಳಿತ ಮಂಡಳಿಗೆ ಒಂದು ಬಿನ್ನಹ. ವಾರ್ಷಿಕ ಮಹಾಸಭೆಗೆ ಎಲ್ಲ ಸದಸ್ಯರೂ ಸೇರುತ್ತಾರೆ. ಅದೇ ದಿನ ಜಿಲ್ಲಾ ಆಸ್ಪತ್ರೆಯವರನ್ನು ಕೇಳಿಕೊಂಡು ಪ್ರತಿ ವರ್ಷ ಒಂದು ನೇತ್ರ ತಪಾಸಣಾ ಶಿಬಿರ ಇಡಿ. ಸದಸ್ಯರು ಮನೆಯ ಹಿರಿಯರೊಬ್ಬರನ್ನು ಕೈಹಿಡಿದು ಕರೆತನ್ನಿ. ಸಂಘದ ಲೆಕ್ಕದಲ್ಲಿ ನಷ್ಟವಾದರೆ ಮುಂದಿನ ವರ್ಷ ತುಂಬಿಕೊಳ್ಳಬಹುದು. ಈ ನಷ್ಟ ತುಂಬುವಂಥದ್ದಲ್ಲ.