ಭತ್ಯೆ ಮತ್ತು ದುಡಿಮೆ: ಷರತ್ತು ಇಬ್ಬರಿಗೂ ಇರಲಿ

(ಜವಳಗೇರಾದಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈಗತಾನೇ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ ಕೊಟ್ಟೆವು. ಚಪ್ಪಾಳೆ ತಟ್ಟಿದೆವು. ಬಹಳ ಸಂತೋಷದ ವಿಷಯ. ಆದರೆ ಮೂರು ವರ್ಷದ ಹಿಂದೆ ಇದೇ ರೀತಿ ಬಹುಮಾನ ಪಡೆದ ಮಕ್ಕಳು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರವಿಲ್ಲ. ಕೆಲವರು ನೌಕರಿಯಲ್ಲಿರಬಹುದು. ಕೆಲವರು ಬೆಂಗಳೂರಿಗೆ ಗುಳೆ ಹೋಗಿರಬಹುದು. ಕೆಲವರು ಪದವಿ ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು ಮನೆಯಲ್ಲೇ ಕೂತಿರಬಹುದು. ಆ ಮನೆಯಲ್ಲಿ ಕೂತವರ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಭಾಗದ ದುಡಿಮೆ ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿದೆ. ನೀರು ಬಂದರೆ ನಾಟಿ, ಕಳೆ, ಕೊಯ್ಲು, ರೈಸ್ ಮಿಲ್ಲಿನ ಹಮಾಲಿ, ಟ್ರ್ಯಾಕ್ಟರ್ ರಿಪೇರಿ, ಹೋಟೆಲು ಎಲ್ಲವೂ ನಡೆಯುತ್ತವೆ. ನೀರು ನಿಂತರೆ ಎಲ್ಲವೂ ನಿಲ್ಲುತ್ತವೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಮುಂದೆ ಹೊಸ ಗೇಟುಗಳನ್ನು ಅಳವಡಿಸುವ ಸಲುವಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಗೇಟು ಬದಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಲ ಇದ್ದವನಿಗೆ ಒಂದು ಬೆಳೆ ಹೋದರೆ, ಹೊಲ ಇಲ್ಲದವನಿಗೆ ಅರ್ಧ ವರ್ಷದ ಕೂಲಿಯೇ ಹೋಗುತ್ತದೆ. ಇಂಥ ಹೊತ್ತಿನಲ್ಲಿ ಸರ್ಕಾರದ ನೆರವು ಏನಿದೆ, ಅದು ನಮ್ಮ ಕೈಗೆ ಏಕೆ ಸಿಗುತ್ತಿಲ್ಲ ಎಂಬುದನ್ನು ತಿಳಿಯಬೇಕು.

ಮೊದಲು ಹೊರಗಿನ ದೇಶಗಳ ವಿಚಾರ ಸ್ವಲ್ಪ ನೋಡೋಣ. ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಕೆಲಸವಿಲ್ಲದವರಿಗೆ ಸರ್ಕಾರ ಭತ್ಯೆ ಕೊಡುವ ಪದ್ಧತಿ ಬಹಳ ಕಾಲದಿಂದ ಇದೆ. ತೊಂಬತ್ತರ ದಶಕದಲ್ಲಿ ಅಲ್ಲಿಯ ಸರ್ಕಾರಗಳು ಹೊಸ ನಿಯಮ ತಂದವು. ಸುಮ್ಮನೆ ಭತ್ಯೆ ಪಡೆಯುವಂತಿಲ್ಲ, ಕೆಲಸ ಹುಡುಕಬೇಕು, ತರಬೇತಿಗೆ ಹೋಗಬೇಕು, ಇಲ್ಲವಾದರೆ ಭತ್ಯೆ ಕಡಿತ ಎಂದವು. ಅಮೆರಿಕದಲ್ಲಿ 1996ರಲ್ಲಿ, ಬ್ರಿಟನ್ನಿನ ಯುವಕರಿಗೆ 1998ರಲ್ಲಿ ಇಂಥ ಕಾರ್ಯಕ್ರಮಗಳು ಬಂದವು. ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬ್ರಿಟನ್ನಿನಲ್ಲಿ ಭೂವಿಜ್ಞಾನ ಓದಿದ ಒಬ್ಬ ಯುವತಿ, ತನ್ನ ವಿದ್ಯೆಗೆ ಹೊಂದುವ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವೆ ಮಾಡುತ್ತಿದ್ದಳು. ಅದನ್ನು ಬಿಡಿಸಿ ಆಕೆಯನ್ನು ಒಂದು ಅಂಗಡಿಗೆ ಸಂಬಳವಿಲ್ಲದ ಕೆಲಸಕ್ಕೆ ಕಳಿಸಿದರು. ಆಕೆ ನ್ಯಾಯಾಲಯಕ್ಕೆ ಹೋದಳು. 2013ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಇದು ಬಲವಂತದ ದುಡಿಮೆ ಎಂಬ ವಾದವನ್ನು ಒಪ್ಪಲಿಲ್ಲ. ಆದರೆ ಸರ್ಕಾರ ಮಾಡಿದ ನಿಯಮಾವಳಿ ಕಾನೂನಿಗೆ ತಕ್ಕಂತಿಲ್ಲ, ಭತ್ಯೆ ಪಡೆಯುವವರಿಗೆ ಸರಿಯಾದ ಮಾಹಿತಿಯನ್ನೂ ಕೊಟ್ಟಿಲ್ಲ ಎಂದಿತು. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೆ: ಭತ್ಯೆಗೆ ಷರತ್ತು ಇರಲಿ, ಆದರೆ ಅದು ಪಡೆಯುವವನಿಗೆ ಮಾತ್ರವಲ್ಲ, ಕೊಡುವವನಿಗೂ ಇರಬೇಕು.

ಇದನ್ನು ಕಾನೂನಿನಲ್ಲಿಯೇ ಬರೆದಿಟ್ಟ ದೇಶ ನಮ್ಮದು ಎಂಬುದು ಹೆಮ್ಮೆಯ ಸಂಗತಿ. 1972ರ ಬರಗಾಲದಲ್ಲಿ ನೆರೆಯ ಮಹಾರಾಷ್ಟ್ರದಲ್ಲಿ ಉದ್ಯೋಗ ಖಾತ್ರಿ ಯೋಜನೆ ಶುರುವಾಯಿತು. 2005ರಲ್ಲಿ ಇಡೀ ದೇಶಕ್ಕೆ ಉದ್ಯೋಗ ಖಾತ್ರಿ ಕಾಯ್ದೆ ಬಂತು. 2006ರ ಫೆಬ್ರವರಿಯಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ 200 ಜಿಲ್ಲೆಗಳಲ್ಲಿ ಕರ್ನಾಟಕದ ಐದು ಜಿಲ್ಲೆಗಳಿದ್ದವು. ಆ ಐದರಲ್ಲಿ ನಮ್ಮ ರಾಯಚೂರು ಒಂದು. ಆ ಕಾಯ್ದೆಯ ಪ್ರಕಾರ ಒಂದು ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಕೆಲಸ. ಅರ್ಜಿ ಹಾಕಿದ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. 2025-26ರಲ್ಲಿ ನಮ್ಮ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಕೆಲಸ ಕೊಡದೆ ಹೋದರೆ ದಿನಕ್ಕೆ ಮೊದಲು 92 ರೂಪಾಯಿ 50 ಪೈಸೆ, ನಂತರ 185 ರೂಪಾಯಿ ಕೊಡಬೇಕಾಗುತ್ತಿತ್ತು.

ಇಲ್ಲಿ ಕೂತಿರುವ ತಾಯಂದಿರನ್ನು ಕೇಳುತ್ತೇನೆ. ಆ ಭತ್ಯೆ ಪಡೆದವರು ಯಾರಾದರೂ ಇದ್ದೀರಾ? ಒಂದು ಕೈಯೂ ಮೇಲೇಳಲಿಲ್ಲ. ದೇಶದಲ್ಲೇ ಅದು ಬಹಳ ಅಪರೂಪ. ಕಾರಣ ಏನು? ಕೂಲಿಯ ಹಣ ಕೇಂದ್ರದಿಂದ ಬರುತ್ತಿತ್ತು. ನಿರುದ್ಯೋಗ ಭತ್ಯೆಯನ್ನು ಮಾತ್ರ ರಾಜ್ಯ ತನ್ನ ಜೇಬಿನಿಂದ ಕೊಡಬೇಕಿತ್ತು. ಹೀಗಾಗಿ ತಾರೀಖು ಹಾಕಿದ ರಶೀದಿ ಕೊಟ್ಟರೆ ನಾಳೆ ಲೆಕ್ಕ ಕೊಡಬೇಕಾಗುತ್ತದೆ ಎಂಬ ಅಂಜಿಕೆ ಕೆಳಗಿನ ನೌಕರನಿಗೆ. ಒಮ್ಮೆ ನಾನೇ ನಮ್ಮ ಓಣಿಯ ಒಬ್ಬ ವಿಧವೆಯ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಆಕೆ ಮೂರು ಸಲ ಹೋಗಿ ಬಾಯಲ್ಲಿ ಕೆಲಸ ಕೇಳಿ ಬಂದಿದ್ದಳು. ಮೂರು ಸಲವೂ ‘ಕೆಲಸ ಇದ್ದಾಗ ಹೇಳ್ತೀವಿ, ಹೋಗವ್ವ’ ಎಂದಿದ್ದರು. ನಾಲ್ಕನೇ ಸಲ ನಮೂನೆ 6ರಲ್ಲಿ ಅರ್ಜಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ ಮತ್ತು ತಾರೀಖು ಬೇಕು ಎಂದೆವು. ಅರ್ಧ ಗಂಟೆ ವಾದವಾಯಿತು. ಕೊನೆಗೆ ಸಹಿ ಹಾಕಿದರು. ಹತ್ತು ದಿನದಲ್ಲಿ ಹೂಳು ಎತ್ತುವ ಕೆಲಸ ಸಿಕ್ಕಿತು. ಬಾಯಿಮಾತಿಗೆ ಸಿಗದ ಕೆಲಸ ಒಂದು ಸಹಿಗೆ ಸಿಕ್ಕಿತು. ಕಾನೂನು ಅಲ್ಲೇ ಇತ್ತು, ರಶೀದಿ ಇರಲಿಲ್ಲ ಅಷ್ಟೆ.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾಯ್ದೆಯ ಜಾಗದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ 100 ದಿನಕ್ಕೆ ಬದಲು 125 ದಿನದ ಮಾತಿದೆ. ಜೊತೆಗೆ ಖರ್ಚಿನಲ್ಲಿ ಮೊದಲಿಗಿಂತ ಹೆಚ್ಚಿನ ಪಾಲನ್ನು ರಾಜ್ಯಗಳ ಮೇಲೆ ಹಾಕಿದೆ. ಇದರ ಬಗ್ಗೆ ಪರ ವಿರೋಧ ಎರಡೂ ಇವೆ. ಆ ಚರ್ಚೆಗೆ ನಾನು ಇಂದು ಹೋಗುವುದಿಲ್ಲ. ಯಾವ ಕಾಯ್ದೆ ಬಂದರೂ ಬಾಯಲ್ಲಿ ಕೇಳಿದ್ದು ಗಾಳಿಗೆ ಹೋಗುತ್ತದೆ, ಕಾಗದದಲ್ಲಿ ಕೇಳಿದ್ದು ಉಳಿಯುತ್ತದೆ ಎಂಬುದು ನೆನಪಿರಲಿ.

ಇನ್ನು ಓದಿದವರ ವಿಷಯ. ನಮ್ಮ ರಾಜ್ಯ ಸರ್ಕಾರ ಯುವನಿಧಿ ಯೋಜನೆಗೆ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟಿತು. 2022-23ರಲ್ಲಿ ಮತ್ತು ನಂತರ ತೇರ್ಗಡೆಯಾಗಿ, 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ ಅಥವಾ ಹೆಚ್ಚೆಂದರೆ ಎರಡು ವರ್ಷ. ಅರ್ಜಿಯನ್ನು ಸೇವಾ ಸಿಂಧು ಮೂಲಕ ಹಾಕಬೇಕು. ಕೆಲಸ ಸಿಕ್ಕಿಲ್ಲ, ಓದು ಮುಂದುವರಿಸಿಲ್ಲ ಎಂದು ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡಬೇಕು. ಘೋಷಣೆ ಮರೆತರೆ ಹಣ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡಿ. ಒಬ್ಬ ಪದವೀಧರನಿಗೆ ಎರಡು ವರ್ಷಕ್ಕೆ 72,000 ರೂಪಾಯಿ, ಡಿಪ್ಲೊಮಾದವನಿಗೆ 36,000 ರೂಪಾಯಿ. ಇದು ಸಂಬಳವಲ್ಲ, ದಾರಿ ಖರ್ಚು. ಇದರಲ್ಲಿ ಸಂದರ್ಶನಕ್ಕೆ ಹೋಗುವ ಬಸ್ ಚಾರ್ಜು, ಪರೀಕ್ಷೆಯ ಫೀಜು, ಪುಸ್ತಕ, ಕಂಪ್ಯೂಟರ್ ತರಬೇತಿ ಆಗಬೇಕು. ಮೊಬೈಲ್ ಕಂತಿಗೆ ಹೋದರೆ ಎರಡು ವರ್ಷದ ನಂತರ ಹಣವೂ ಇಲ್ಲ, ಕೆಲಸವೂ ಇಲ್ಲ. ವಿದ್ಯಾರ್ಥಿಗಳೆ, ಕೆಲಸ ಸಿಕ್ಕ ಮೇಲೂ ಸಿಕ್ಕಿಲ್ಲ ಎಂದು ಬರೆದು ಈ ಹಣ ಪಡೆಯಬೇಡಿ. ಅದು ಕಾನೂನಿಗೂ ತಪ್ಪು, ಮನಸ್ಸಾಕ್ಷಿಗೂ ತಪ್ಪು.

ಹಾಗೆಯೇ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಫಲಾನುಭವಿಗಳಿಗೆ ಕೌಶಲ ತರಬೇತಿ ಕೊಡುತ್ತೇವೆ ಎಂದು ಹೇಳಿದ್ದೀರಿ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ದೊಡ್ಡ ಉದ್ಯೋಗ ಮೇಳವನ್ನೂ ಮಾಡಿದಿರಿ. ಜವಳಗೇರಾದ ಹುಡುಗಿ ಆ ಮೈದಾನಕ್ಕೆ ಹೇಗೆ ಹೋಗಬೇಕು? ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ತರಬೇತಿ ಮತ್ತು ಮೇಳ ನಡೆಯಲಿ. ಘೋಷಣೆ ತಪ್ಪಿದರೆ ನಮ್ಮ ಹಣ ನಿಲ್ಲಿಸುತ್ತೀರಿ. ನೀವು ತರಬೇತಿ ಕೊಡದಿದ್ದರೆ ನಿಮಗೇನು ಷರತ್ತು ಎಂದು ಕೇಳುವ ಹಕ್ಕು ನಮಗಿದೆ.

ಪಿಯುಸಿಗೇ ಓದು ಬಿಟ್ಟವರಿಗೆ ಯುವನಿಧಿ ಸಿಗುವುದಿಲ್ಲ. ನಮ್ಮ ಸಮಾಜದಲ್ಲಿ ಅವರ ಸಂಖ್ಯೆಯೇ ದೊಡ್ಡದು. ಗ್ಯಾರೇಜಿನಲ್ಲಿ, ಹಣ್ಣಿನ ಗಾಡಿಯಲ್ಲಿ, ಗೌಂಡಿ ಕೆಲಸದಲ್ಲಿ, ಹೊಲಿಗೆ ಯಂತ್ರದ ಮುಂದೆ ಇರುವವರು ಅವರೇ. ಅವರಿಗೆ ಬೇರೆ ಬಾಗಿಲುಗಳಿವೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿ ಸಂಸ್ಥೆ ನಡೆಸುತ್ತಿವೆ. ಊಟ ವಸತಿ ಸಹಿತ ಉಚಿತ ತರಬೇತಿ. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆ ಸಹಿತ ಕೆಲಸ ಕಲಿಯುವ ಅವಕಾಶವಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆ ಕುಶಲಕರ್ಮಿಗಳ ಸಲುವಾಗಿಯೇ ಇದೆ. ತರಬೇತಿಗೆ ಹೋದರೆ ಫೋಟೋ ತೆಗೆಸಿ, ಹಾಜರಿ ಹಾಕಿ ಬರಬೇಡಿ. ಕೈಗೆ ಕೆಲಸ ಬರುವವರೆಗೆ ಕಲಿಯಿರಿ. ಕಲಿಸದಿದ್ದರೆ ಬರೆದು ದೂರು ಕೊಡಿ.

ಕೊನೆಯದಾಗಿ ಸಂಘಕ್ಕೆ ನನ್ನದೊಂದು ವಿನಂತಿ. ಕಟ್ಟಡ ಬೇಡ, ಚಂದಾ ಬೇಡ. ಒಂದು ರಿಜಿಸ್ಟರ್ ಸಾಕು. ನಮ್ಮ ಊರಿನ ಮತ್ತು ಸುತ್ತಲಿನ ಹಳ್ಳಿಗಳ ನಮ್ಮ ಮಕ್ಕಳು ಏನು ಪಾಸಾದರು, ಫಲಿತಾಂಶ ಯಾವತ್ತು ಬಂತು, 180 ದಿನ ಯಾವತ್ತು ತುಂಬುತ್ತದೆ, ಅರ್ಜಿ ಹಾಕಿದ್ದಾರೋ ಇಲ್ಲವೋ, ರಶೀದಿ ಇದೆಯೋ ಇಲ್ಲವೋ, ಇಷ್ಟನ್ನು ಬರೆದಿಡೋಣ. ವಾರಕ್ಕೊಮ್ಮೆ ಇಬ್ಬರು ಪದವೀಧರರು ಕೂತು ಅರ್ಜಿ ತುಂಬಿಕೊಡಲಿ. ಕೂಲಿ ಕೇಳುವ ಜಾತಿ ಧರ್ಮದ ಭೇದವಿಲ್ಲದ ಎಲ್ಲ ತಾಯಂದಿರ ಅರ್ಜಿಯನ್ನೂ ಬರೆದುಕೊಡಲಿ. ಹಸಿವಿಗೆ ಜಾತಿ ಇಲ್ಲ, ನಮೂನೆಗೂ ಇಲ್ಲ.

ಮುಂದಿನ ವರ್ಷ ಇದೇ ವೇದಿಕೆಯಲ್ಲಿ ಬಹುಮಾನ ಕೊಡುವ ಮೊದಲು ಆ ರಿಜಿಸ್ಟರನ್ನು ಓದೋಣ. ಎಷ್ಟು ಮಕ್ಕಳು ಭತ್ಯೆಯಿಂದ ದುಡಿಮೆಗೆ ಬಂದರು ಎಂದು ತಿಳಿಯುತ್ತದೆ. ಆಗ ತಟ್ಟುವ ಚಪ್ಪಾಳೆಗೆ ಇಂದಿನದಕ್ಕಿಂತ ಹೆಚ್ಚು ಬೆಲೆ ಇರುತ್ತದೆ.