ಪ್ರಾಣವಾಯು ಮತ್ತು ದಿನ ತುಂಬದ ಮಗುವಿನ ಕಣ್ಣು



ಆಮ್ಲಜನಕಕ್ಕೆ ನಮ್ಮಲ್ಲಿ ಇನ್ನೊಂದು ಹೆಸರುಂಟು, ಪ್ರಾಣವಾಯು ಎಂದು. ಅದು ಪ್ರಾಣವನ್ನು ಉಳಿಸುತ್ತದೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅದೇ ಪ್ರಾಣವಾಯು ಒಂದು ಕಾಲದಲ್ಲಿ ಸಾವಿರಾರು ಎಳೆಯ ಮಕ್ಕಳ ದೃಷ್ಟಿಯನ್ನು ಕಸಿದುಕೊಂಡಿತು ಎಂದರೆ ನೀವು ನಂಬುವಿರಾ? ಅದು ಹೇಗೆ ನಡೆಯಿತು, ವೈದ್ಯರು ಅದನ್ನು ಹೇಗೆ ಕಂಡುಹಿಡಿದರು ಎಂಬುದನ್ನು ಈ ಹೊತ್ತು ನೋಡೋಣ.

ಮಗು ತಾಯಿಯ ಗರ್ಭದಲ್ಲಿ ಸುಮಾರು 40 ವಾರಗಳ ಕಾಲ ಬೆಳೆಯಬೇಕು. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಶಿಶು. ನಮ್ಮ ಹಿರಿಯರ ಮಾತಿನಲ್ಲಿ ದಿನ ತುಂಬದ ಮಗು. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರೆಂದು ಅಂದಾಜು. ಅವರಲ್ಲಿ 30 ಲಕ್ಷದಷ್ಟು ನಮ್ಮ ಭಾರತದವರೇ. ಇಂಥ ಮಗುವಿನ ಶ್ವಾಸಕೋಶ ಇನ್ನೂ ಸಿದ್ಧವಾಗಿರುವುದಿಲ್ಲ. ಉಸಿರಿಗೆ ಕಷ್ಟಪಡುವ ಮಗುವಿಗೆ ಆಮ್ಲಜನಕ ಕೊಡುವುದು ಸಹಜವಲ್ಲವೇ? 1940ರ ದಶಕದಲ್ಲಿ ಅಮೆರಿಕದ ಒಳ್ಳೆಯ ಆಸ್ಪತ್ರೆಗಳು ಹಾಗೆಯೇ ಮಾಡಿದವು. ಗಾಳಿ ಸೋರದ ಹೊಸ ಕಾವುಪೆಟ್ಟಿಗೆಗಳು ಬಂದಿದ್ದವು. ಅವುಗಳೊಳಗೆ ವಾರಗಟ್ಟಲೆ ಧಾರಾಳವಾಗಿ ಆಮ್ಲಜನಕವನ್ನು ಬಿಟ್ಟರು.

1942ರಲ್ಲಿ ಬಾಸ್ಟನ್ ನಗರದ ನೇತ್ರತಜ್ಞ ಥಿಯೋಡರ್ ಟೆರಿ ಒಂದು ಹೊಸ ರೋಗವನ್ನು ವರದಿ ಮಾಡಿದರು. ದಿನ ತುಂಬದೆ ಹುಟ್ಟಿ ಬದುಕುಳಿದ ಶಿಶುಗಳ ಕಣ್ಣಿನಲ್ಲಿ, ಮಸೂರದ ಹಿಂದೆ ಬಿಳಿಯ ಪೊರೆ ಬೆಳೆದು ದೃಷ್ಟಿ ಪೂರ್ತಿ ಹೋಗುತ್ತಿತ್ತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಸುಮಾರು 10,000 ಮಕ್ಕಳು ಇದರಿಂದ ಅಂಧರಾದರು. ಪ್ರಸಿದ್ಧ ಗಾಯಕ ಸ್ಟೀವಿ ವಂಡರ್ ಅವರಲ್ಲಿ ಒಬ್ಬರು. ಅವರು 1950ರಲ್ಲಿ ಆರು ವಾರ ಮುಂಚಿತವಾಗಿ ಹುಟ್ಟಿದವರು. ವಿಚಿತ್ರವೆಂದರೆ, ಬಡ ಆಸ್ಪತ್ರೆಗಳಿಗಿಂತ ಸುಸಜ್ಜಿತ ಆಸ್ಪತ್ರೆಗಳಲ್ಲೇ ಈ ರೋಗ ಹೆಚ್ಚಾಗಿ ಕಾಣಿಸುತ್ತಿತ್ತು.

ಕಾರಣವೇನು? ಜೀವಸತ್ವದ ಕೊರತೆಯೇ, ಬೆಳಕೇ, ಹಸುವಿನ ಹಾಲೇ, ಹೀಗೆ ಹತ್ತಾರು ಊಹೆಗಳು. ಚಿಕಿತ್ಸೆಗಳೂ ಅಷ್ಟೇ. ಇಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ವಿಲಿಯಂ ಸಿಲ್ವರ್‌ಮನ್ ಅವರ ಅನುಭವವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆಗತಾನೇ ದೊರೆತಿದ್ದ ಎಸಿಟಿಎಚ್ ಎಂಬ ಹಾರ್ಮೋನನ್ನು ಅವರು ರೋಗ ಆರಂಭವಾಗಿದ್ದ 31 ಶಿಶುಗಳಿಗೆ ಕೊಟ್ಟರು. 25 ಶಿಶುಗಳ ಕಣ್ಣು ಉಳಿಯಿತು! ನಾವಾಗಿದ್ದರೆ ಅಲ್ಲಿಗೇ ಜಯಘೋಷ ಮಾಡಿಬಿಡುತ್ತಿದ್ದೆವು. ಸಿಲ್ವರ್‌ಮನ್ ಮತ್ತು ಸಂಗಡಿಗರು ಹಾಗೆ ಮಾಡಲಿಲ್ಲ. ಚೀಟಿ ಎತ್ತುವ ಹಾಗೆ, ಯಾವ ಮಗುವಿಗೆ ಔಷಧ, ಯಾವುದಕ್ಕೆ ಇಲ್ಲ ಎಂಬುದನ್ನು ಅದೃಷ್ಟಕ್ಕೇ ಬಿಟ್ಟು ಎರಡು ಗುಂಪು ಮಾಡಿ ಹೋಲಿಸಿದರು. ಫಲ ತಲೆಕೆಳಗಾಯಿತು. ಔಷಧ ಪಡೆದ ಗುಂಪಿನಲ್ಲಿ ಮೂರರಲ್ಲೊಂದು ಪಾಲು ಅಂಧರಾದರು. ಪಡೆಯದವರಲ್ಲಿ ಐದರಲ್ಲೊಂದು ಪಾಲು ಮಾತ್ರ. ಸಾವೂ ಔಷಧದ ಗುಂಪಿನಲ್ಲೇ ಹೆಚ್ಚು. ಆರಂಭದ ಹಂತದ ರೋಗ ಬಹುಪಾಲು ಶಿಶುಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ತಾನಾಗಿ ವಾಸಿಯಾದದ್ದಕ್ಕೆ ಔಷಧ ಕೀರ್ತಿ ಪಡೆದಿತ್ತು, ಅಷ್ಟೇ.

1951ರಲ್ಲಿ ಮೆಲ್ಬರ್ನ್ ನಗರದ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದತ್ತ ಬೆರಳು ತೋರಿದರು. ಅದನ್ನು ಧಾರಾಳವಾಗಿ ಬಳಸುವ ಆಸ್ಪತ್ರೆಗಳಲ್ಲಿ ರೋಗ ಹೆಚ್ಚು, ಮಿತವಾಗಿ ಬಳಸುವಲ್ಲಿ ಕಡಿಮೆ ಎಂಬುದು ಅವರ ಗಮನಕ್ಕೆ ಬಂದಿತ್ತು. ಅದೇ ಹೊತ್ತಿಗೆ ವಾಷಿಂಗ್ಟನ್ನಿನಲ್ಲಿ ಆರ್ನಾಲ್ ಪಾಟ್ಜ್ ಎಂಬ ತರುಣ ವೈದ್ಯರು ಹೆಚ್ಚು ಮತ್ತು ಕಡಿಮೆ ಆಮ್ಲಜನಕವನ್ನು ಹೋಲಿಸುವ ಪ್ರಯೋಗ ನಡೆಸುತ್ತಿದ್ದರು. ಅಲ್ಲಿನ ಕೆಲವು ದಾದಿಯರಿಗೆ ಇದು ಕ್ರೌರ್ಯವೆನಿಸಿ, ರಾತ್ರಿಯ ಹೊತ್ತು ಗುಟ್ಟಾಗಿ ಆಮ್ಲಜನಕದ ತಿರುಪನ್ನು ತಿರುಗಿಸಿಬಿಡುತ್ತಿದ್ದರಂತೆ! ಅವರನ್ನು ದೂರುವುದು ಸುಲಭ. ಕಣ್ಣೆದುರು ಮಗು ಏದುಸಿರು ಬಿಡುತ್ತಿದ್ದರೆ ನಿಮ್ಮ ಕೈ ಸುಮ್ಮನಿರುತ್ತಿತ್ತೇ?

1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಟ್ಟಾಗಿ ದೊಡ್ಡ ಅಧ್ಯಯನ ಕೈಗೊಂಡವು. ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ವಾಡಿಕೆಯಂತೆ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 23 ಮಂದಿಗೆ ಕಣ್ಣಿನಲ್ಲಿ ಶಾಶ್ವತ ಹಾನಿ. ಮಿತವಾಗಿ ಪಡೆದವರಲ್ಲಿ 7 ಮಂದಿಗೆ. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲೆಡೆ ಆಮ್ಲಜನಕಕ್ಕೆ ಕಡಿವಾಣ ಬಿತ್ತು, ಅಂಧತ್ವ ಥಟ್ಟನೆ ಇಳಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಆ ಅಧ್ಯಯನಕ್ಕೆ ಶಿಶುಗಳನ್ನು ಸೇರಿಸಿಕೊಂಡದ್ದು ಹುಟ್ಟಿದ 48 ಗಂಟೆಗಳ ನಂತರ. ಆದರೆ ದಿನ ತುಂಬದ ಶಿಶುಗಳ ಸಾವು ಹೆಚ್ಚಾಗಿ ಸಂಭವಿಸುವುದೇ ಮೊದಲ ಎರಡು ದಿನಗಳಲ್ಲಿ. ಆ ಸಾವುಗಳು ಲೆಕ್ಕಕ್ಕೇ ಬರಲಿಲ್ಲ! ಮೊದಲ ಗಂಟೆಯಿಂದಲೇ ಆಮ್ಲಜನಕವನ್ನು ಕಡಿತ ಮಾಡಿದ್ದರಿಂದ ಏನಾಯಿತು? 1973ರಲ್ಲಿ ಇಂಗ್ಲೆಂಡಿನ ಕೆನೆತ್ ಕ್ರಾಸ್ ಮರಣದ ಅಂಕಿಅಂಶಗಳನ್ನು ಕೆದಕಿ ಒಂದು ಅಂದಾಜು ಕೊಟ್ಟರು: ಒಂದು ಮಗುವಿನ ದೃಷ್ಟಿ ಉಳಿಸಲು ಸುಮಾರು 16 ಮಕ್ಕಳು ಪ್ರಾಣ ತೆತ್ತಿರಬಹುದು. ಇದು ಅಂದಾಜು ಮಾತ್ರ, ನಿಜ. ಆದರೂ ವೈದ್ಯಲೋಕ ಬೆಚ್ಚಿತು.

ಇನ್ನು ಕಣ್ಣಿನ ಒಳಗೆ ನಡೆಯುವುದೇನೆಂದು ನೋಡೋಣ. ನಮ್ಮ ಅಕ್ಷಿಪಟಲದ ರಕ್ತನಾಳಗಳು ಗರ್ಭದ ನಾಲ್ಕನೆಯ ತಿಂಗಳಲ್ಲಿ ನಡುವಿನಿಂದ ಹೊರಟು ಅಂಚಿನತ್ತ ಹಬ್ಬುತ್ತವೆ; ಅಂಚನ್ನು ಮುಟ್ಟುವುದು ದಿನ ತುಂಬುವ ಹೊತ್ತಿಗೆ. ಗರ್ಭದಲ್ಲಿ ಆಮ್ಲಜನಕ ಕಡಿಮೆ. ಆ ಕೊರತೆಯೇ ರಕ್ತನಾಳಗಳನ್ನು "ಬಾ, ಬಾ" ಎಂದು ಕರೆಯುವ ರಾಸಾಯನಿಕವನ್ನು ಹುಟ್ಟಿಸುತ್ತದೆ. ಬೇಗ ಹುಟ್ಟಿದ ಮಗುವಿಗೆ ಆಮ್ಲಜನಕ ವಿಪರೀತ ಸಿಕ್ಕರೆ ಆ ಕರೆ ನಿಂತುಹೋಗುತ್ತದೆ, ನಾಳಗಳ ಬೆಳವಣಿಗೆಯೂ ನಿಲ್ಲುತ್ತದೆ. ಕೆಲವು ವಾರಗಳ ಬಳಿಕ ರಕ್ತ ಸಿಗದ ಅಂಚು ಹಸಿದು ಗಟ್ಟಿಯಾಗಿ ಕೂಗಿಕೊಳ್ಳುತ್ತದೆ. ಆಗ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಗಾಯದ ಕಲೆಯಂತೆ ಬಿಗಿದು, ಅಕ್ಷಿಪಟಲವನ್ನೇ ಅದರ ಜಾಗದಿಂದ ಎಳೆದು ಕಿತ್ತುಬಿಡಬಹುದು.

ಹಾಗಾದರೆ ಎಷ್ಟು ಕೊಡಬೇಕು? ಚರ್ಮದ ಮೇಲಿಂದಲೇ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಬಂದ ಮೇಲೆ ಈ ಪ್ರಶ್ನೆಯನ್ನು ನಿಖರವಾಗಿ ಕೇಳುವುದು ಸಾಧ್ಯವಾಯಿತು. ಐದು ದೊಡ್ಡ ಪ್ರಯೋಗಗಳು ನಡೆದವು. ಒಂದು ಗುಂಪಿಗೆ ಶೇಕಡಾ 85ರಿಂದ 89ರ ಗುರಿ, ಇನ್ನೊಂದಕ್ಕೆ 91ರಿಂದ 95. ಯಾವ ಮಗು ಯಾವ ಗುಂಪು ಎಂದು ವೈದ್ಯರಿಗೂ ದಾದಿಯರಿಗೂ ತಿಳಿಯದಂತೆ ಯಂತ್ರಗಳೇ ಅಂಕಿಯನ್ನು ತುಸು ಬದಲಿಸಿ ತೋರಿಸುತ್ತಿದ್ದವು. ಗುಟ್ಟಾಗಿ ತಿರುಪು ತಿರುಗಿಸಿದ ಆ ದಾದಿಯರನ್ನು ನೆನೆದರೆ ಈ ಉಪಾಯದ ಅರ್ಥ ಹೊಳೆಯುತ್ತದೆ. ಸುಮಾರು 5,000 ಶಿಶುಗಳ ಒಟ್ಟು ಲೆಕ್ಕ 2018ರಲ್ಲಿ ಹೊರಬಂತು. ಕಡಿಮೆ ಗುರಿಯ ಗುಂಪಿನಲ್ಲಿ ಕಣ್ಣಿಗೆ ಚಿಕಿತ್ಸೆ ಬೇಕಾದವರು ಶೇಕಡಾ 10.9, ಹೆಚ್ಚಿನ ಗುರಿಯಲ್ಲಿ 14.9. ಆದರೆ ಸಾವು ಕಡಿಮೆ ಗುರಿಯಲ್ಲಿ ಶೇಕಡಾ 19.9, ಹೆಚ್ಚಿನದರಲ್ಲಿ 17.1. ಕಣ್ಣಿಗೆ ಚಿಕಿತ್ಸೆಯುಂಟು, ಸಾವಿಗಿಲ್ಲ. ಆದ್ದರಿಂದ ವೈದ್ಯರು ಬಹುತೇಕ ಹೆಚ್ಚಿನ ಗುರಿಯತ್ತಲೇ ವಾಲಿದರು. ಈ ಪ್ರಯೋಗಗಳಲ್ಲಿ ಅಮೆರಿಕದ್ದರ ಬಗ್ಗೆ 2013ರಲ್ಲಿ ದೊಡ್ಡ ವಿವಾದವೆದ್ದಿತು. ಅಪಾಯಗಳನ್ನು ತಂದೆತಾಯಿಗಳಿಗೆ ಸಾಕಷ್ಟು ತಿಳಿಸಿರಲಿಲ್ಲ ಎಂದು ಅಲ್ಲಿನ ಸರ್ಕಾರಿ ಕಚೇರಿಯೇ ಆಕ್ಷೇಪಿಸಿತು. ಆ ಆಕ್ಷೇಪ ನ್ಯಾಯವಾದದ್ದೆಂದೇ ನನಗೆ ತೋರುತ್ತದೆ. ಪ್ರಯೋಗ ಬೇಕು, ನಿಜ. ಆದರೆ ಒಪ್ಪಿಗೆ ಕೊಡುವವರಿಗೆ ತಾವು ಯಾವುದಕ್ಕೆ ಒಪ್ಪುತ್ತಿದ್ದೇವೆಂಬುದು ಗೊತ್ತಿರಬೇಡವೇ?

ನಮ್ಮ ದೇಶದಲ್ಲಿ ಈ ರೋಗ 1,500 ಗ್ರಾಂ ಮೀರಿದ ಶಿಶುಗಳಲ್ಲಿಯೂ ಕಂಡುಬರುತ್ತದೆ. ಆದ್ದರಿಂದ 2,000 ಗ್ರಾಂಗಿಂತ ಕಡಿಮೆ ತೂಕದ, ಇಲ್ಲವೇ 34 ವಾರಕ್ಕೆ ಮೊದಲು ಹುಟ್ಟಿದ ಶಿಶುಗಳ ಕಣ್ಣನ್ನು 30 ದಿನಗಳೊಳಗೆ ಪರೀಕ್ಷಿಸಬೇಕೆಂದು ಭಾರತದ ನಿಯಮ. ಇನ್ನೂ ಪುಟ್ಟ ಶಿಶುಗಳಿಗೆ ಅದಕ್ಕೂ ಮೊದಲೇ. ಆದರೆ ಪರೀಕ್ಷೆ ಮಾಡಬಲ್ಲ ನೇತ್ರತಜ್ಞರು ಹಳ್ಳಿಗಾಡಿನಲ್ಲಿ ಎಲ್ಲಿದ್ದಾರೆ? 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ ಕಿಡ್ರಾಪ್ ಎಂಬ ಯೋಜನೆ ಆರಂಭವಾಯಿತು. ತರಬೇತಿ ಪಡೆದ ತಂತ್ರಜ್ಞರು ವಿಶೇಷ ಕ್ಯಾಮೆರಾದೊಡನೆ ವಾಹನದಲ್ಲಿ ಕರ್ನಾಟಕದ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ತಜ್ಞರು ದೂರದಲ್ಲೇ ಕುಳಿತು ಅದನ್ನು ನೋಡುತ್ತಾರೆ. ರೋಗ ತೀವ್ರವಾಗಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಚಿಕಿತ್ಸೆ ಆಗಬೇಕು. ಅದಕ್ಕಾಗಿಯೇ ತಂತ್ರಜ್ಞರಿಗೆ ಚಿತ್ರ ತೆಗೆಯುವುದರ ಜೊತೆಗೆ ಅದನ್ನು ಓದಿ ಹಸಿರು, ಕಿತ್ತಳೆ, ಕೆಂಪು ಎಂದು ವಿಂಗಡಿಸುವುದನ್ನೂ ಕಲಿಸಿದ್ದಾರೆ. ದೂರದ ಊರಿನಿಂದ ಬಂದ ತಾಯಿ ಸಂಜೆಯ ಬಸ್ಸು ಹತ್ತುವ ಮೊದಲೇ ತನ್ನ ಮಗುವಿನ ಕಣ್ಣಿನ ಸ್ಥಿತಿ ಆಕೆಗೆ ತಿಳಿಯಲಿ ಎಂದು.